ಹತ್ತು ಪುಸ್ತಕ, ಒಂದು ಚೀಟಿ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದ ಆಫೀಸಿನ ಮೇಜಿನ ಮೇಲೆ ಒಂದಲ್ಲ, ಹಲವು ಪುಸ್ತಕಗಳಿರುತ್ತವೆ. ಆಳುಗಳ ಹಾಜರಿಗೆ, ಸಂಬಳಕ್ಕೆ ಚೆಕ್‌ರೋಲ್. ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕೆ.ಜಿ. ಹಣ್ಣು ತಂದರೆಂಬುದಕ್ಕೆ ತೂಕದ ಪುಸ್ತಕ. ಗೊಬ್ಬರ, ಔಷಧಿ, ಡೀಸೆಲ್ಲಿಗೆ ದಾಸ್ತಾನು ಪುಸ್ತಕ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಹೋದದ್ದೆಷ್ಟು, ಕಣದಲ್ಲಿ ಒಣಗುತ್ತಿರುವುದೆಷ್ಟು ಎಂಬುದಕ್ಕೆ ಇನ್ನೊಂದು. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವ ಮಳೆ ಲೆಕ್ಕ ಬೇರೆ. ಇವನ್ನೆಲ್ಲ ಸೇರಿಸಿ ಒಂದೇ ದೊಡ್ಡ ಪುಸ್ತಕ ಮಾಡೋಣವೆಂದು ಲೆಕ್ಕ ಬರೆಯುವ ರೈಟರು ಹೊರಡುವುದಿಲ್ಲ. ಯಾಕೆಂದರೆ ಒಂದೊಂದನ್ನು ಓದುವವರು ಒಬ್ಬೊಬ್ಬರು. ಚೆಕ್‌ರೋಲ್ ಕಾರ್ಮಿಕ ಇಲಾಖೆಗೂ ಭವಿಷ್ಯನಿಧಿಯ ಲೆಕ್ಕಕ್ಕೂ ಬೇಕು, ದಾಸ್ತಾನು ಆಡಿಟರಿಗೆ ಬೇಕು, ಮಳೆ ಲೆಕ್ಕ ಹತ್ತು ವರ್ಷದ ಹಿಂದೆ ಹೂಮಳೆ ಯಾವಾಗ ಬಿದ್ದಿತ್ತೆಂದು ಹುಡುಕುವ ಮಾಲೀಕರಿಗೆ ಬೇಕು. ಆದರೆ ಮಾರನೆಯ ಬೆಳಿಗ್ಗೆ ಆಳುಗಳ ಮುಂದೆ ನಿಲ್ಲುವ ಮೇಸ್ತ್ರಿಗೆ ಇದರಲ್ಲಿ ಯಾವ ಪುಸ್ತಕವೂ ಬೇಡ. ಅವರಿಗೆ ಬೇಕಾದ್ದು ನಾಲ್ಕೇ ಸಾಲು: ಯಾವ ಬ್ಲಾಕಿನಲ್ಲಿ ಕೊಯ್ಲು, ಎಷ್ಟು ಜನ, ಪಲ್ಪರಿಗೆ ಯಾರು, ಕಣಕ್ಕೆ ಯಾರು. ಎಲ್ಲ ಪುಸ್ತಕಗಳ ಮೇಲೂ ಕಣ್ಣಾಡಿಸಿ ಸಂಜೆ ಮಾಡುವ ಈ ತೀರ್ಮಾನ ಚೀಟಿಯಲ್ಲಿರಬಹುದು, ಬರೀ ಬಾಯಿಮಾತಿನಲ್ಲಿರಬಹುದು. ನಾಳೆ ಸಂಜೆಗೆ ಅದರ ಆಯುಷ್ಯ ಮುಗಿಯಿತು. ಪುಸ್ತಕಕ್ಕೂ ಚೀಟಿಗೂ ಇರುವ ಈ ವ್ಯತ್ಯಾಸ ತೋಟದಲ್ಲಿ ಎಲ್ಲರಿಗೂ ಗೊತ್ತು. ಸಾಫ್ಟ್‌ವೇರ್ ಕೆಲಸದಲ್ಲಿ ಅದು ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಎಂಬುದೇ ಇಲ್ಲಿ ಹೇಳಹೊರಟಿರುವ ಮಾತು.

ತೋಟದ ಮಾತಿನಲ್ಲಿ ಸಾಫ್ಟ್‌ವೇರ್ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿದಾಗ ಬೆಂಗಳೂರಿನ ಐಟಿ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹೊತ್ತು ಮಲೆನಾಡಿನ ತಮ್ಮ ಮನೆಗಳಿಗೆ ಬಂದರು. ಅದೇ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿ, ಹೊರಗುತ್ತಿಗೆ ಕಂಪನಿಗಳ ನೌಕರರು ಮನೆಯಿಂದಷ್ಟೇ ಅಲ್ಲ, ದೇಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡಲು ದಾರಿ ಮಾಡಿತು. ಆಮೇಲೆ ಎಷ್ಟೋ ಕಂಪನಿಗಳು ವಾಪಸ್ ಕರೆದವು, ಕೆಲವು ವಾರಕ್ಕೆರಡು ಮೂರು ದಿನವೆಂದವು. ಆದರೂ ಅಪ್ಪನ ತೋಟ ನೋಡಿಕೊಳ್ಳುತ್ತಲೇ ಅಮೆರಿಕದ ಗಿರಾಕಿಗೆ ಕೋಡ್ ಬರೆಯುವ ಜೀವನ ಈ ಬೆಟ್ಟಗಳಲ್ಲಿ ಈಗ ಆಶ್ಚರ್ಯದ ಸಂಗತಿಯಲ್ಲ. ಅಂಥವರ ಬೆಳಗು ಹೇಗಿರುತ್ತದೆ ನೋಡಿ. ಜಿರಾ ಎಂಬ ತಾಣದಲ್ಲಿ ಅವರ ಹೆಸರಿಗೆ ಬಿದ್ದ ಕೆಲಸಗಳು ‘ಟಿಕೆಟ್’ ರೂಪದಲ್ಲಿ ಕಾದಿರುತ್ತವೆ. ಗಿಟ್‌ಹಬ್‌ನಲ್ಲಿ ಸಹೋದ್ಯೋಗಿ ಬರೆದ ಕೋಡನ್ನು ಓದಿ ಒಪ್ಪಿಗೆ ಕೊಡಬೇಕೆಂಬ ಕೋರಿಕೆಗಳಿರುತ್ತವೆ. ಸ್ಲ್ಯಾಕ್ ಅಥವಾ ಟೀಮ್ಸ್‌ನಲ್ಲಿ ‘ಒಂದು ನಿಮಿಷ ಇದನ್ನು ನೋಡ್ತೀರಾ’ ಎಂಬ ಮಾತು. ಗಿರಾಕಿಯ ದೂರುಗಳಿಗೆ ಬೇರೊಂದು ತಾಣ, ರಾತ್ರಿ ಸರ್ವರ್ ಕೆಟ್ಟರೆ ಕೂಗುವ ಎಚ್ಚರಿಕೆಗೆ ಮತ್ತೊಂದು. ಯಾವುದೋ ದಾಖಲೆಯ ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ, ಇಮೇಲ್, ಕ್ಯಾಲೆಂಡರು. ಒಬ್ಬರ ಒಂದು ದಿನದ ಕೆಲಸ ಏಳೆಂಟು ಕಡೆ ಹರಡಿ ಬಿದ್ದಿರುತ್ತದೆ.

ಈ ತಾಣಗಳು ಒಂದಾದ ಮೇಲೊಂದು ಹುಟ್ಟಿದ್ದಕ್ಕೆ ಕಾರಣಗಳಿವೆ, ಅವು ಕ್ಷುಲ್ಲಕವೂ ಅಲ್ಲ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲ ಕೋಡನ್ನು ಲೋಕಕ್ಕೆ ತೆರೆದಿಟ್ಟು ಮೊಝಿಲ್ಲಾ ಯೋಜನೆ ಶುರುವಾದಾಗ, ಎಲ್ಲೆಲ್ಲಿಂದಲೋ ಬರುವ ದೋಷಗಳ ವರದಿಯನ್ನು ಬರೆದಿಡಲು ಬಗ್‌ಝಿಲ್ಲಾ ಎಂಬ ಸಾಧನ ಬಂತು. ದೋಷಕ್ಕೊಂದು ಸಂಖ್ಯೆ, ಅದನ್ನು ಸರಿಪಡಿಸುವವರ ಹೆಸರು, ಆದದ್ದು ಆಗದ್ದರ ಗುರುತು. ಪೊಲೀಸ್ ಠಾಣೆಯ ಸ್ಟೇಷನ್ ಡೈರಿಯಂಥ ಪುಸ್ತಕ ಅದು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಜಿರಾವನ್ನು ತಂದಿತು. ಅಲ್ಲಿಯವರೆಗೆ ಬಗ್‌ಝಿಲ್ಲಾ ಬಳಸುತ್ತಿದ್ದ ಆ ಕಂಪನಿಯವರು, ಗಾಡ್‌ಝಿಲ್ಲಾಕ್ಕೆ ಜಪಾನಿನವರು ಹೇಳುವ ‘ಗೊಜಿರಾ’ ಎಂಬ ಹೆಸರಿನ ತಲೆ ಕತ್ತರಿಸಿ ಇದಕ್ಕಿಟ್ಟರು. ಜಿರಾ ಇರುವುದು ಮುಖ್ಯವಾಗಿ ಮ್ಯಾನೇಜರಿಗೆ, ಯೋಜನೆ ಎಲ್ಲಿಗೆ ಬಂತು ಎಂದು ತಿಳಿಯಲು. 2008ರ ಗಿಟ್‌ಹಬ್ ಇರುವುದು ಕೋಡ್ ಬರೆಯುವವರು ಒಬ್ಬರ ಕೋಡನ್ನು ಒಬ್ಬರು ಪರೀಕ್ಷಿಸಲು. 2013ರಲ್ಲಿ ಕಾಣಿಸಿಕೊಂಡ ಸ್ಲ್ಯಾಕ್ ಇರುವುದು ಮಾತಿಗೆ. ದೂರಿನ ತಾಣ ಗಿರಾಕಿಯದ್ದು, ಹಾಜರಿ ಮತ್ತು ಗಂಟೆಗಳ ಲೆಕ್ಕದ ತಾಣ ಕಂಪನಿಯ ಮಾನವ ಸಂಪನ್ಮೂಲ ವಿಭಾಗದ್ದು. ತೋಟದ ಮೇಜಿನ ಮೇಲಿನ ಪುಸ್ತಕಗಳಂತೆ ಇವಕ್ಕೂ ಬೇರೆ ಬೇರೆ ಓದುಗರಿದ್ದಾರೆ. ವ್ಯತ್ಯಾಸ ಒಂದೇ. ತೋಟದಲ್ಲಿ ಸಂಜೆ ಚೀಟಿ ಮಾಡುವ ರೈಟರೊಬ್ಬರು ಇದ್ದಾರೆ. ಸಾಫ್ಟ್‌ವೇರಿನಲ್ಲಿ ಪುಸ್ತಕಗಳನ್ನೆಲ್ಲ ಆಳಿನ ಕೈಗೇ ಕೊಟ್ಟು ‘ನಿನ್ನ ಕೆಲಸ ಇದರಲ್ಲೆಲ್ಲೋ ಇದೆ, ಹುಡುಕಿಕೊ’ ಎನ್ನಲಾಗಿದೆ.

ಹುಡುಕಾಟಕ್ಕೆ ಬೆಲೆ ಎಷ್ಟು? 2022ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಒಂದು ಅಧ್ಯಯನ ಇದನ್ನು ಅಳೆಯಲು ನೋಡಿತು. ಬರೆದವರಲ್ಲಿ ಒಬ್ಬರು ಸೊರೊಕೊ ಎಂಬ ಕಂಪನಿಯ ರೋಹನ್ ಮೂರ್ತಿ, ನಮ್ಮ ಇನ್ಫೋಸಿಸ್ ನಾರಾಯಣಮೂರ್ತಿಯವರ ಮಗ. ಮೂರು ದೊಡ್ಡ ಕಂಪನಿಗಳ 20 ತಂಡಗಳಲ್ಲಿ 137 ಮಂದಿಯ ಕಂಪ್ಯೂಟರ್ ಬಳಕೆಯನ್ನು ಐದು ವಾರಗಳವರೆಗೆ ಗಮನಿಸಿದಾಗ, ಒಬ್ಬೊಬ್ಬರೂ ದಿನಕ್ಕೆ ಸರಾಸರಿ 1,200 ಸಲದ ಹತ್ತಿರ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದರು. ಹಾರಿದ ಮೇಲೆ ‘ನಾನೀಗ ಎಲ್ಲಿದ್ದೆ’ ಎಂದು ನೆನಪಿಸಿಕೊಳ್ಳಲು ವಾರಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ, ಅಂದರೆ ಕೆಲಸದ ಹೊತ್ತಿನಲ್ಲಿ ಸುಮಾರು ಶೇ 9ರಷ್ಟು ಹೋಗುತ್ತಿತ್ತು. ಈ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆ ಕಂಪನಿ ಮಾರುವುದೇ ಇಂಥ ಗೋಜಲನ್ನು ಬಿಡಿಸುವ ಸಾಧನವನ್ನು. ಹಾರಾಟವೆಲ್ಲ ವ್ಯರ್ಥವೂ ಅಲ್ಲ, ಒಂದು ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆ ನಕಲು ಮಾಡುವುದೂ ಕೆಲಸವೇ. ಆದರೆ ಯಾವ ವ್ಯಾಪಾರದ ಗೊಡವೆಯೂ ಇಲ್ಲದ ಸಂಶೋಧಕರು ಕಂಡದ್ದೂ ಅದೇ ದಿಕ್ಕನ್ನು ತೋರಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಆಫೀಸಿನ ಜನರ ಹಿಂದೆಯೇ ಕುಳಿತು ಗಡಿಯಾರ ಹಿಡಿದು ನೋಡಿ 2005ರಲ್ಲಿ ಬರೆದಂತೆ, ಒಂದು ಕೆಲಸಕ್ಕೆ ಕೈಹಾಕಿದವರು ಸರಾಸರಿ ಸುಮಾರು 11 ನಿಮಿಷಕ್ಕೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದರು. ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮ: ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸಿನಿಂದ ಪೂರ್ತಿ ಇಳಿಯುವುದಿಲ್ಲ, ಅದರ ಗಸಿ ಮುಂದಿನ ಕೆಲಸದ ತಳದಲ್ಲಿ ಉಳಿದು ಅದನ್ನೂ ಕಲಕುತ್ತದೆ. ಏಳೆಂಟು ಕಡೆ ಇಣುಕಿ ನೋಡುವುದು ಬರೀ ಕಾಲಹರಣವಲ್ಲ, ಇಣುಕಿದ ಕಡೆಯಿಂದೆಲ್ಲ ಒಂದಿಷ್ಟು ಗಸಿ ಮೆತ್ತಿಕೊಂಡು ಬರುವ ಕೆಲಸ.

ಇದಕ್ಕೆ ಕಂಪನಿಗಳಿಗೆ ಮೊದಲು ಹೊಳೆಯುವ ಪರಿಹಾರವೆಂದರೆ ಎಲ್ಲವನ್ನೂ ಒಂದೇ ಸಾಧನಕ್ಕೆ ತರುವುದು. ‘ಇನ್ನು ಮುಂದೆ ಎಲ್ಲರೂ ಇದನ್ನೇ ಬಳಸತಕ್ಕದ್ದು’ ಎಂಬ ಸುತ್ತೋಲೆ. ಸಾಧನ ಮಾರುವವರಿಗೂ ಇದು ಇಷ್ಟದ ಮಾತು. ಟಿಕೆಟ್, ದಾಖಲೆ, ಮಾತು, ಗುರಿ, ಗಂಟೆಯ ಲೆಕ್ಕ ಎಲ್ಲವೂ ನಮ್ಮಲ್ಲೇ ಎಂದು ಒಬ್ಬೊಬ್ಬರೂ ಕೂಗುತ್ತಾರೆ. ಇದು ನಿಲ್ಲುವುದಿಲ್ಲ, ಕರ್ನಾಟಕದಲ್ಲಂತೂ ಖಂಡಿತ ನಿಲ್ಲುವುದಿಲ್ಲ. ಬೆಂಗಳೂರಿನ ಐಟಿ ಉದ್ಯಮದ ಬಹುಭಾಗ ಬೆಳೆದದ್ದೇ ಇನ್ನೊಬ್ಬರ ಕೆಲಸ ಮಾಡಿಕೊಟ್ಟು. ಗಿರಾಕಿಯ ಟಿಕೆಟ್ ಗಿರಾಕಿಯ ತಾಣದಲ್ಲೇ ಇರುತ್ತದೆ, ಅದನ್ನು ಹೊರಗೆ ತರಲು ಒಪ್ಪಂದ ಬಿಡುವುದಿಲ್ಲ. ಗಂಟೆಗಳ ಲೆಕ್ಕ ಮಾತ್ರ ಕೆಲಸ ಮಾಡಿಕೊಡುವ ಕಂಪನಿಯ ತಾಣದಲ್ಲಿ. ಮುಕ್ತ ತಂತ್ರಾಂಶದ ಭಾಗವೊಂದನ್ನು ಬಳಸಿದ್ದರೆ ಅದರ ದೋಷ ಇಡೀ ಜಗತ್ತಿಗೆ ಕಾಣುವ ಗಿಟ್‌ಹಬ್ ಪುಟದಲ್ಲಿ. ಒಡೆಯರು ಮೂವರಿರುವಾಗ ಪುಸ್ತಕ ಒಂದಾಗುವುದು ಹೇಗೆ? ಬಲವಂತವಾಗಿ ಒಂದು ಮಾಡಿದಲ್ಲಿ ಆಗುವುದು ಇಷ್ಟೇ: ಹಳೆಯ ಹತ್ತು ಪುಸ್ತಕಗಳು ಸಾಯುವುದಿಲ್ಲ, ಹೊಸದು ಹನ್ನೊಂದನೆಯದಾಗಿ ಸೇರಿಕೊಳ್ಳುತ್ತದೆ.

ಹಾಗಾದರೆ ಬೇಕಾದ್ದು ಚೀಟಿ. ಪುಸ್ತಕಗಳನ್ನು ಅವು ಇದ್ದಲ್ಲೇ ಬಿಟ್ಟು, ಅವುಗಳಲ್ಲಿ ನನ್ನ ಹೆಸರಿಗಿರುವ, ಇನ್ನೂ ಮುಗಿಯದ ಸಾಲುಗಳನ್ನಷ್ಟೇ ಒಂದು ಕಡೆ ಎತ್ತಿ ಬರೆಯುವುದು. ಈ ಯೋಚನೆ ಹೊಸದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಿಕ್ ಕರ್ಸ್ಟನ್ ಮತ್ತು ಗೇಲ್ ಮರ್ಫಿ ಶುರುಮಾಡಿದ, ಮುಂದೆ ಮೈಲಿನ್ ಎಂಬ ಹೆಸರು ಪಡೆದ ಸಾಧನ ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ತಂತ್ರಾಂಶದ ಒಳಗೇ ಇಂಥ ಪಟ್ಟಿಯನ್ನು ತಂದಿತು. ಬಗ್‌ಝಿಲ್ಲಾದ್ದೂ ಜಿರಾದ್ದೂ ಒಂದೇ ಕಡೆ ಕಾಣುತ್ತಿದ್ದವು. ಒಂದು ಸಾಲನ್ನು ಆರಿಸಿದರೆ ಆ ಕೆಲಸಕ್ಕೆ ಬೇಕಾದ ಕಡತಗಳು ಮಾತ್ರ ಎದುರಿಗೆ ಉಳಿದು ಮಿಕ್ಕವು ಮರೆಯಾಗುತ್ತಿದ್ದವು. ಅವರಿಬ್ಬರೂ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದನ್ನು ಬಳಸಿದ ಪ್ರೋಗ್ರಾಮರುಗಳು ಕಡತಗಳ ನಡುವೆ ಅಲೆಯುವುದು ಕಡಿಮೆಯಾಗಿ ಕೋಡ್ ತಿದ್ದುವ ಪಾಲು ಹೆಚ್ಚಾಗಿತ್ತು. ಇನ್ನೊಂದು, ಟಾಸ್ಕ್‌ವಾರಿಯರ್ ಎಂಬ ಉಚಿತ ಪಟ್ಟಿ ತಂತ್ರಾಂಶಕ್ಕೆ ಜೊತೆಯಾಗಿ ಬಂದ ಬಗ್‌ವಾರಿಯರ್. ಇದರ ನಡೆ ಸರಳ. ದೊಡ್ಡ ತಾಣಗಳಿಗೆಲ್ಲ ಯಂತ್ರಗಳು ಬಂದು ಮಾತಾಡುವುದಕ್ಕೆಂದೇ ಒಂದು ಹಿಂಬಾಗಿಲು ಇರುತ್ತದೆ, ಅದನ್ನು ಎಪಿಐ ಎನ್ನುತ್ತಾರೆ. ಬಗ್‌ವಾರಿಯರ್ ನಿಮ್ಮ ಬೀಗದ ಕೈ ತೋರಿಸಿ ಪ್ರತಿ ಹಿಂಬಾಗಿಲಲ್ಲೂ ನಿಂತು ‘ಇವರ ಹೆಸರಿನಲ್ಲಿ ಬಾಕಿ ಏನಿದೆ’ ಎಂದು ಕೇಳುತ್ತದೆ, ಸಿಕ್ಕಿದ್ದನ್ನು ನಿಮ್ಮ ಪಟ್ಟಿಯಲ್ಲಿ ಬರೆಯುತ್ತದೆ, ಮೂಲದಲ್ಲಿ ಮುಗಿದದ್ದನ್ನು ಪಟ್ಟಿಯಲ್ಲೂ ಮುಗಿದದ್ದೆಂದು ಗುರುತಿಸುತ್ತದೆ. ಮೂಲಕ್ಕೆ ಮಾತ್ರ ಏನನ್ನೂ ಬರೆಯುವುದಿಲ್ಲ.

ಮೂಲಕ್ಕೆ ಏನನ್ನೂ ಬರೆಯದಿರುವುದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ಪಟ್ಟಿಯಲ್ಲಿ ಗೀಟು ಎಳೆದ ಕೂಡಲೇ ಜಿರಾದಲ್ಲೂ ಗಿಟ್‌ಹಬ್‌ನಲ್ಲೂ ತಾನಾಗಿ ಮುಚ್ಚಿಕೊಂಡರೆ ಎಷ್ಟು ಚೆನ್ನ ಎಂಬುದು ಅವರ ವಾದ. ಅನೇಕ ಸಾಧನಗಳು ಇದನ್ನು ಮಾಡಿಯೂ ಕೊಡುತ್ತವೆ. ಆದರೆ ‘ಮುಗಿಯಿತು’ ಎಂಬ ಮಾತಿಗೆ ಪುಸ್ತಕಕ್ಕೊಂದು ಅರ್ಥವಿದೆ ಎಂಬುದು ಇಲ್ಲಿ ಮರೆತುಹೋಗುತ್ತದೆ. ಗಿಟ್‌ಹಬ್‌ನಲ್ಲಿ ಮುಗಿಯಿತೆಂದರೆ ಕೋಡ್ ಒಳಗೆ ಸೇರಿತು ಎಂದರ್ಥ. ಜಿರಾದಲ್ಲಿ ಮುಗಿಯಿತೆಂದರೆ ಪರೀಕ್ಷಕರು ನೋಡಿ ಒಪ್ಪಿದರು ಎಂದು. ಗಿರಾಕಿಯ ದೂರಿನ ತಾಣದಲ್ಲಿ ಮುಗಿಯಿತೆಂದರೆ ಗಿರಾಕಿ ಸಮಾಧಾನಗೊಂಡ ಎಂದು. ತೋಟದಲ್ಲೂ ಹಾಗೆಯೇ. ಕೊಯ್ದವರಿಗೆ ಹಣ್ಣು ತೂಕಕ್ಕೆ ಹಾಕಿದಾಗ ಕೆಲಸ ಮುಗಿಯಿತು, ಪಲ್ಪರಿನವರಿಗೆ ಸಿಪ್ಪೆ ಬಿಟ್ಟಾಗ, ಕಣದವರಿಗೆ ಸಿಪ್ಪೆ ಬಿಟ್ಟ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಿದಾಗ, ಮಾಲೀಕರಿಗೆ ಹಣ ಕೈಗೆ ಬಂದಾಗ. ತೂಕದ ಪುಸ್ತಕದಲ್ಲಿ ಗೀಟು ಎಳೆದ ಮಾತ್ರಕ್ಕೆ ಬ್ಯಾಂಕಿನ ಪುಸ್ತಕದಲ್ಲೂ ಗೀಟು ಬೀಳುವಂತೆ ಮಾಡಿದರೆ ಏನಾದೀತು? ಎರಡೂ ಕಡೆಯಿಂದ ಬರೆಯುವ ವ್ಯವಸ್ಥೆಯಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿ ಒಬ್ಬರು, ಅಲ್ಲಿ ಇನ್ನೊಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದರೆ ಯಾರ ಮಾತು ನಿಲ್ಲಬೇಕು? ಇದಕ್ಕೆ ಯಂತ್ರ ಕೊಡುವ ಉತ್ತರ ಸಾಮಾನ್ಯವಾಗಿ ‘ಕೊನೆಗೆ ತಿದ್ದಿದವರದು’ ಎಂದು. ಕೊನೆಗೆ ತಿದ್ದಿದವರು ಸರಿಯೇ ಆಗಿರಬೇಕೆಂದೇನೂ ಇಲ್ಲ. ಆದ್ದರಿಂದ ನೀರು ಒಂದೇ ಕಡೆಗೆ, ಪುಸ್ತಕದಿಂದ ಚೀಟಿಗೆ ಹರಿಯಬೇಕು. ಮೂಲದಲ್ಲಿ ಕೆಲಸ ಮುಚ್ಚುವುದನ್ನು ಮೂಲಕ್ಕೆ ಹೋಗಿಯೇ ಮಾಡಬೇಕು. ಅಲ್ಲಿಗೆ ಹೋಗುವುದೆಂದರೆ ಆ ಪುಸ್ತಕದ ಓದುಗರಿಗೆ ಒಂದು ಮಾತು ಹೇಳಿದ ಹಾಗೆ. ಆ ಮಾತನ್ನು ಯಂತ್ರಕ್ಕೆ ಬಿಡಬಾರದು.

ಎತ್ತಿ ಬರೆಯುವುದರಲ್ಲಿ ನಿಜವಾದ ಕಷ್ಟ ಬೇರೆಡೆ ಇದೆ. ಒಂದೇ ಕೆಲಸ ನಾಲ್ಕು ವೇಷದಲ್ಲಿ ಬರುತ್ತದೆ. ಗಿರಾಕಿಯ ತಾಣದಲ್ಲಿ ‘ಹಣ ಕಟ್ಟುವ ಪುಟ ತೆರೆಯುತ್ತಿಲ್ಲ’ ಎಂಬ ದೂರು, ಅದರಿಂದ ಹುಟ್ಟಿದ ಜಿರಾ ಟಿಕೆಟ್, ಆ ಟಿಕೆಟ್ಟಿಗಾಗಿ ಬರೆದ ಕೋಡಿಗೆ ಗಿಟ್‌ಹಬ್‌ನಲ್ಲಿ ಪರೀಕ್ಷೆಯ ಕೋರಿಕೆ, ಇದರ ಮೇಲೆ ಸ್ಲ್ಯಾಕ್‌ನಲ್ಲಿ ‘ಏನಾಯ್ತು’ ಎಂಬ ವಿಚಾರಣೆ. ಯಂತ್ರ ಸುಮ್ಮನೆ ಎತ್ತಿ ತಂದರೆ ಪಟ್ಟಿಯಲ್ಲಿ ನಾಲ್ಕು ಸಾಲು. ನಾಲ್ಕು ಕೆಲಸವಿದೆಯೆಂದು ಎದೆ ಧಸಕ್ಕೆನ್ನುತ್ತದೆ, ಇರುವುದು ಒಂದೇ. ಪ್ರತಿ ಟಿಕೆಟ್ಟಿಗೂ ಒಂದು ಸಂಖ್ಯೆ ಇರುತ್ತದೆ. ಕೋಡ್ ಬರೆಯುವವರು ಆ ಸಂಖ್ಯೆಯನ್ನು ಗಿಟ್‌ಹಬ್‌ನ ತಲೆಬರಹದಲ್ಲೂ ತಪ್ಪದೆ ನಮೂದಿಸುವ ರೂಢಿ ಇಟ್ಟುಕೊಂಡಿದ್ದರೆ ಯಂತ್ರ ಎರಡನ್ನೂ ಕೂಡಿಸಬಲ್ಲದು. ಸ್ಲ್ಯಾಕ್‌ನ ಮಾತಿಗೆ ಸಂಖ್ಯೆಯಿಲ್ಲ, ಅದನ್ನು ಮನುಷ್ಯರೇ ನೋಡಿ ಕೂಡಿಸಬೇಕು. ಹೀಗೆ ಕೂಡಿಸುವಾಗ ಮುಂದಿನ ಹೆಜ್ಜೆ ಏನೆಂದು ತನ್ನದೇ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳುವುದು ಸಣ್ಣ ಸಂಗತಿಯಲ್ಲ. ಟಿಕೆಟ್ಟಿನ ತಲೆಬರಹ ಬರೆದವರು ಇನ್ಯಾರೋ, ಅದರಲ್ಲಿರುವುದು ರೋಗದ ಹೆಸರು. ಚೀಟಿಗೆ ಬೇಕಾದ್ದು ಮದ್ದಿನ ಮೊದಲ ಗುಟುಕು: ‘ನಿನ್ನೆ ರಾತ್ರಿಯ ಲಾಗ್ ತೆಗೆದು ಬ್ಯಾಂಕಿನ ಉತ್ತರ ಎಷ್ಟು ಹೊತ್ತಿಗೆ ಬಂತು ನೋಡು’. ಇದನ್ನು ಕನ್ನಡದಲ್ಲೇ ಬರೆದುಕೊಂಡರೂ ಯಾವ ಮ್ಯಾನೇಜರಿಗೂ ತೊಂದರೆಯಿಲ್ಲ, ಚೀಟಿ ಅವರದ್ದಲ್ಲವಲ್ಲ.

ಹಲವು ಮೂಲಗಳಿಂದ ಒಂದೇ ಸಾಲು ಮಾಡುವ ಇನ್ನೊಂದು ವ್ಯವಸ್ಥೆ ಇದೇ ಎರಡು ತಾಲ್ಲೂಕುಗಳಲ್ಲಿದೆ, ಅದಕ್ಕೂ ಕಂಪ್ಯೂಟರ್ ಟಿಕೆಟ್ಟಿಗೂ ಸಂಬಂಧವಿಲ್ಲ. ಆಲೂರು, ಸಕಲೇಶಪುರದಲ್ಲಿ ಆನೆ ಮತ್ತು ಮನುಷ್ಯರ ತಿಕ್ಕಾಟ ಎಷ್ಟು ಬಿಗಿಯಾಗಿತ್ತೆಂದರೆ 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಅದಾದ ಮೇಲೂ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ, ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಆನೆ ಅರ್ಜುನ ಸತ್ತದ್ದು ನಾಡಿಗೇ ಗೊತ್ತು. ಈ ನಡುವೆ ಅರಣ್ಯ ಇಲಾಖೆ, ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆ ಸೇರಿ, ಆನೆ ಎಲ್ಲಿದೆ ಎಂದು ಜನರ ಮೊಬೈಲಿಗೆ ತಿಳಿಸುವ ವ್ಯವಸ್ಥೆ ಕಟ್ಟಿತು. ಮಾಹಿತಿ ಬರುವ ದಾರಿಗಳು ಹಲವು: ಹೆಜ್ಜೆ, ಲದ್ದಿ ನೋಡುತ್ತ ಹಿಂಬಾಲಿಸುವ ಸಿಬ್ಬಂದಿ, ಕೆಲವು ಗುಂಪುಗಳ ಹೆಣ್ಣಾನೆಯ ಕೊರಳಿಗೆ ಕಟ್ಟಿದ ರೇಡಿಯೋ ಕಾಲರ್, ತೋಟದವರು ಮಾಡುವ ಫೋನ್. ಜನರಿಗೆ ಹೋಗುವುದು ಮಾತ್ರ ಒಂದು ಎಸ್‌ಎಂಎಸ್, ಒಂದು ಧ್ವನಿಕರೆ, ರಸ್ತೆ ಬದಿಯ ಎಲ್‌ಇಡಿ ಫಲಕದ ಮೇಲೆ ಒಂದು ಸಾಲು. ಯಾವ ತೋಟದ ಹತ್ತಿರ, ಎಷ್ಟು ಆನೆ. ಕಾಲರಿನ ಬ್ಯಾಟರಿ ಎಷ್ಟಿದೆ, ಫೋನ್ ಮಾಡಿದವರು ಯಾರು, ಬೆಳೆನಷ್ಟದ ಅರ್ಜಿ ಎಲ್ಲಿಗೆ ಬಂತು ಎಂಬುದೆಲ್ಲ ಬೇರೆ ದಾಖಲೆಗಳ ಪಾಲು. ಬೆಳಿಗ್ಗೆ ಕೊಯ್ಲಿಗೆ ಹೊರಟವರಿಗೆ ಬೇಕಾದ್ದು ಆ ಒಂದು ಸಾಲು. ಮತ್ತು ಆ ಸಾಲಿಗೆ ಹೊತ್ತು ಮುಖ್ಯ. ನಿನ್ನೆ ಸಂಜೆಯ ಸಂದೇಶವನ್ನು ಇವತ್ತಿನದೆಂದು ನಂಬಿ ತೋಟಕ್ಕಿಳಿದರೆ ಸಂದೇಶವೇ ಇಲ್ಲದ್ದಕ್ಕಿಂತ ಅಪಾಯ. ಸಾಫ್ಟ್‌ವೇರಿನ ಪಟ್ಟಿಗಳಲ್ಲಿ ಹಾಳಾಗುವುದು ಬಹುಪಾಲು ಇಲ್ಲೇ. ಮೂರು ವಾರದ ಹಿಂದೆ ಎತ್ತಿ ಬರೆದ ಸಾಲು ಇವತ್ತಿನದರ ಪಕ್ಕದಲ್ಲೇ ಅಷ್ಟೇ ಗತ್ತಿನಿಂದ ಕೂತಿರುತ್ತದೆ. ಅಷ್ಟರಲ್ಲಿ ಆ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗಿರಬಹುದು, ಗಿರಾಕಿ ಬೇಡವೆಂದಿರಬಹುದು.

ಪಟ್ಟಿಯ ಉದ್ದದ ವಿಷಯಕ್ಕೆ ಬಂದರೆ ಪಲ್ಪರನ್ನೇ ನೋಡಬೇಕು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕದಿದ್ದರೆ ಹುಳಿತು ಕಾಫಿಯ ರುಚಿ ಕೆಡುತ್ತದೆ. ಹಾಗಾಗಿ ಗಿಡದಲ್ಲಿ ಹಣ್ಣು ಎಷ್ಟಿದೆ ಎಂದಷ್ಟೇ ನೋಡಿ ಆಳು ಬಿಡುವುದಿಲ್ಲ, ಪಲ್ಪರು ಮತ್ತು ಕಣ ಎಷ್ಟು ತಡೆದೀತು ಎಂದೂ ನೋಡಿ ಬಿಡುತ್ತಾರೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿದ ನಿಯಮ ಇದಕ್ಕೆ ಹತ್ತಿರದ್ದು: ಸಾಲಿನಲ್ಲಿ ನಿಂತವರ ಸಂಖ್ಯೆಯನ್ನು, ದಿನಕ್ಕೆ ಎಷ್ಟು ಮಂದಿ ಮುಗಿಸಿ ಹೊರಗೆ ಹೋಗುತ್ತಾರೆ ಎಂಬುದರಿಂದ ಭಾಗಿಸಿದರೆ, ಒಬ್ಬೊಬ್ಬರು ಸರಾಸರಿ ಎಷ್ಟು ದಿನ ಕಾಯಬೇಕೆಂಬುದು ಸಿಗುತ್ತದೆ. ಪಟ್ಟಿಯಲ್ಲಿ 60 ಕೆಲಸವಿದ್ದು ದಿನಕ್ಕೆ ಮೂರು ಮುಗಿಯುತ್ತಿದ್ದರೆ ಇವತ್ತು ಸೇರಿದ್ದು ಸರಾಸರಿ 20 ದಿನ ಕಾಯುತ್ತದೆ, ಎಷ್ಟೇ ಬಣ್ಣದ ಗುರುತು ಹಚ್ಚಿದರೂ ಅಷ್ಟೇ. ಎಲ್ಲ ತಾಣಗಳಿಂದ ಯಂತ್ರ ಎತ್ತಿ ತಂದದ್ದೆಲ್ಲ ಹಣ್ಣು ತುಂಬಿದ ಗಿಡ. ಚೀಟಿಗೆ ಬರಬೇಕಾದ್ದು ಇವತ್ತಿನ ಪಲ್ಪರಿಗೆ ತಾಳುವಷ್ಟು. ಐದು ಸಾಲು, ಹೆಚ್ಚೆಂದರೆ ಏಳು. ಮಿಕ್ಕದ್ದು ಗಿಡದಲ್ಲೇ ಇರಲಿ, ಅದಕ್ಕೊಂದು ಪುಸ್ತಕ ಇದ್ದೇ ಇದೆಯಲ್ಲ.

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು: ಪಟ್ಟಿ ಮಾಡುವುದೇ ಇನ್ನೊಂದು ಕೆಲಸವಾಯಿತಲ್ಲ? ಹೌದು, ಆಯಿತು. ರೈಟರಿಗೂ ಸಂಜೆ ಅರ್ಧ ಗಂಟೆ ಹೋಗುತ್ತದೆ. ಆದರೆ ಆ ಅರ್ಧ ಗಂಟೆ ಇಲ್ಲದಿದ್ದರೆ ಮರುದಿನ ಹತ್ತಾರು ಆಳುಗಳು ‘ಎಲ್ಲಿಗೆ ಹೋಗೋದು’ ಎಂದು ನಿಂತಿರುತ್ತಾರೆ. ಮನಸ್ಸಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಕೆಲಸದ ಚಿಂತೆ ಬೇರೆ ಕೆಲಸಕ್ಕೆ ಅಡ್ಡ ಬರುತ್ತಿತ್ತು. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿಕೊಂಡವರಿಗೆ ಆ ಅಡ್ಡಿ ಇರಲಿಲ್ಲ. ಕೆಲಸ ಮುಗಿದಿರಲಿಲ್ಲ, ಯಾವಾಗ, ಹೇಗೆ ಮಾಡುವುದೆಂಬುದು ತೀರ್ಮಾನವಾಗಿತ್ತು, ಅಷ್ಟೇ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಆದ್ಯತೆ ಹೇಳುವವರು ಮ್ಯಾನೇಜರು, ಜಿರಾದಲ್ಲಿ ಅದನ್ನು ಹೇಳಿಯೂ ಇದ್ದಾರೆ, ನೌಕರನ ಸ್ವಂತ ಚೀಟಿಗೆ ಅಲ್ಲಿ ಏನು ಕೆಲಸ? ಮ್ಯಾನೇಜರು ಹೇಳಿರುವುದು ಅವರ ಪುಸ್ತಕದೊಳಗಿನ ಆದ್ಯತೆ. ಗಿರಾಕಿ ಅವನ ಪುಸ್ತಕದಲ್ಲಿ ತನ್ನದೇ ಆದ್ಯತೆ ಹೇಳಿದ್ದಾನೆ, ಕೋಡ್ ಪರೀಕ್ಷೆಗೆ ಕಾದಿರುವ ಗೆಳೆಯನಿಗೆ ಅವನದೇ ಆತುರ. ನಾಲ್ಕು ಪುಸ್ತಕಗಳಲ್ಲೂ ನಾಲ್ಕು ‘ಅತಿ ತುರ್ತು’ ಇರುವಾಗ ಅವುಗಳ ನಡುವೆ ಯಾವುದು ಮೊದಲೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅದನ್ನು ದಿನಾ ತೀರ್ಮಾನಿಸುತ್ತಿರುವುದು ನೌಕರನೇ, ಬರೆಯದೆ, ಮನಸ್ಸಿನಲ್ಲೇ. ಬರೆದರೆ ಮ್ಯಾನೇಜರಿಗೆ ತೋರಿಸಿ ‘ಈ ಐದರಲ್ಲಿ ಯಾವುದನ್ನು ಬಿಡಲಿ’ ಎಂದು ಕೇಳಲಾದರೂ ಆಗುತ್ತದೆ. ಇದರಲ್ಲೊಂದು ಹುಷಾರಿಯೂ ಬೇಕು. ತೋರಿಸುವುದು ಬೇರೆ, ಒಪ್ಪಿಸುವುದು ಬೇರೆ. ಆ ಚೀಟಿಯನ್ನು ಕಂಪನಿ ದಿನಾ ಒಪ್ಪಿಸಬೇಕೆಂದು ಕೇಳಿದ ದಿನ ಅದೂ ಒಂದು ಪುಸ್ತಕವಾಗುತ್ತದೆ, ನಿಜವಾದ ಚೀಟಿ ಮತ್ತೆ ಮನಸ್ಸಿಗೆ ಹೋಗಿ ಅಡಗಿಕೊಳ್ಳುತ್ತದೆ.

ಮೂರನೆಯದು ಗುಟ್ಟಿನ ಪ್ರಶ್ನೆ, ಇದರಲ್ಲಿ ಆಕ್ಷೇಪಿಸುವವರ ಮಾತೇ ಸರಿ. ಗಿರಾಕಿಯ ಟಿಕೆಟ್ಟಿನಲ್ಲಿ ಗ್ರಾಹಕರ ಹೆಸರು, ಖಾತೆಯ ವಿವರ, ಕೆಲವು ಸಲ ಪಾಸ್‌ವರ್ಡ್ ಕೂಡ ಇರುತ್ತದೆ. ಅದನ್ನೆಲ್ಲ ಎತ್ತಿ ತಂದು ಸ್ವಂತ ಫೋನಿನ ಯಾವುದೋ ಉಚಿತ ಪಟ್ಟಿಯಲ್ಲಿ ಹಾಕುವುದು ಒಪ್ಪಂದಕ್ಕೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಆದ್ದರಿಂದ ಚೀಟಿಗೆ ಬರಬೇಕಾದ್ದು ಮೂರೇ: ಟಿಕೆಟ್ಟಿನ ಸಂಖ್ಯೆ, ಮೂಲಕ್ಕೆ ಹೋಗುವ ಕೊಂಡಿ, ಮುಂದಿನ ಹೆಜ್ಜೆಯ ತನ್ನದೇ ಸಾಲು. ಒಳಗಿನ ವಿವರ ಒಳಗೇ ಇರಲಿ. ಹಿಂಬಾಗಿಲಿಗೆ ಕೊಡುವ ಬೀಗದ ಕೈ ಓದಲಿಕ್ಕೆ ಮಾತ್ರ ಬರುವಂಥದ್ದಾಗಿರಬೇಕು, ಬರೆಯಲಿಕ್ಕಲ್ಲ. ಅದು ಕಂಪನಿ ಕೊಟ್ಟ ಯಂತ್ರದಲ್ಲೇ ಇರಬೇಕು. ಕಂಪನಿ ಇದಕ್ಕೂ ಒಪ್ಪದಿದ್ದರೆ ಯಂತ್ರವನ್ನು ಬಿಟ್ಟು ಕೈಯಲ್ಲೇ ಬರೆದರಾಯಿತು, ಐದು ಸಾಲಿಗೆ ಎಪಿಐ ಏನೂ ಅನಿವಾರ್ಯವಲ್ಲ. ಇನ್ನು ಕೃತಕ ಬುದ್ಧಿಮತ್ತೆಯ ಸಹಾಯಕರು ಎಲ್ಲ ತಾಣ ಓದಿ ‘ಇವತ್ತು ನೀವು ಮಾಡಬೇಕಾದ್ದು’ ಎಂದು ಹೇಳುವ ಕಾಲ ಬಂದಿದೆಯಲ್ಲ ಎಂದರೆ, ನಾಲ್ಕು ವೇಷದ ಒಂದು ಕೆಲಸವನ್ನು ಗುರುತಿಸುವುದರಲ್ಲಿ ಅವು ಖಂಡಿತ ಉಪಯೋಗಕ್ಕೆ ಬರುತ್ತವೆ. ಐದನ್ನು ಆರಿಸಿ ಮಿಕ್ಕ ಐವತ್ತೈದರ ಬಗ್ಗೆ ಯಾರಿಗಾದರೂ ‘ಇವತ್ತಾಗುವುದಿಲ್ಲ’ ಎಂದು ಹೇಳಬೇಕಲ್ಲ, ಆ ಫೋನನ್ನು ಮಾತ್ರ ನೀವೇ ಮಾಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ಕುಳಿತವರಿಗೆ ಇದೆಲ್ಲ ಅನುಕೂಲದ ಮಾತು. ಸಕಲೇಶಪುರದಲ್ಲಿ ಜೂನ್ ಕಳೆದರೆ ಅನಿವಾರ್ಯದ ಮಾತು. ಹೇಮಾವತಿ ತುಂಬುವ ಮಳೆಯಲ್ಲಿ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರಿನ ಬ್ಯಾಟರಿ ಇಳಿದು ಸಿಗ್ನಲ್ಲೂ ಹೋಗುತ್ತದೆ. ಕೋಡಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಎಂಬ ವ್ಯವಸ್ಥೆ ಕೋಡಿನ ಇಡೀ ಚರಿತ್ರೆಯನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಇಡುತ್ತದೆ, ಸಂಪರ್ಕವಿಲ್ಲದೆಯೂ ಬರೆಯಬಹುದು, ಆಮೇಲೆ ಕಳಿಸಬಹುದು. ಆದರೆ ಏನು ಬರೆಯಬೇಕೆಂದು ಹೇಳುವ ಟಿಕೆಟ್ಟು, ದೂರು, ಮಾತು ಎಲ್ಲವೂ ದೂರದ ಸರ್ವರಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಮೂರು ಗಂಟೆಯ ಬ್ಯಾಟರಿ ಇದ್ದು, ಕೋಡೂ ಕೈಯಲ್ಲಿದ್ದು, ಮಾಡುವುದೇನೆಂದು ಗೊತ್ತಿಲ್ಲದೆ ಕೂರುವ ಸ್ಥಿತಿ ಅದು. ಹಿಂದಿನ ಸಂಜೆ ಸಿಗ್ನಲ್ ಇದ್ದಾಗಲೇ ಎತ್ತಿ ಬರೆದ ಐದು ಸಾಲು ಯಂತ್ರದೊಳಗೋ, ಸಿಗ್ನಲ್ಲಿನ ಹಂಗಿಲ್ಲದ ಕಾಗದದ ಮೇಲೋ ಇದ್ದರೆ ಆ ಮೂರು ಗಂಟೆ ಉಳಿಯಿತು. ಚೀಟಿಯ ತಲೆಯ ಮೇಲೆ ‘ನಿನ್ನೆ ಸಂಜೆ 6.40ರವರೆಗಿನದು’ ಎಂದು ಬರೆದಿಟ್ಟುಕೊಂಡಿದ್ದರೆ, ಮಧ್ಯಾಹ್ನ ಕರೆಂಟು ಬಂದಾಗ ಎಲ್ಲಿಂದ ಮುಂದೆ ನೋಡಬೇಕೆಂದೂ ಗೊತ್ತಿರುತ್ತದೆ.